ಅಕ್ಕನ ಮನೆಯ ಝುಂಬರ

ಗದಗಿನಲ್ಲಿ ನನ್ನ ಗಂಡನ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ಝುಂಬರ ಹಾಕಾವ್ರ ಮನಿ’ ಅಂದರೆ ಮಾತ್ರ ಟಾಂಗಾದವರು ಸೀದಾ ಬಾಗಿಲಿಗೆ ತಂದು ಇಳಿಸುತ್ತಿದ್ದರು. ಝುಂಬರ ಅಂದರೆ ಉಳ್ಳವರ ಮನೆಯ ದೊಡ್ಡ ಹಾಲಿನಲ್ಲಿ ಛಾವಣಿಯಿಂದ ಇಳಿಬಿಡುವ ಗಾಜಿನ ದೀಪದ ಗೊಂಚಲು. ನಡುವೆ ಹಿತ್ತಾಳೆಯ ದಂಟು, ಸುತ್ತ ಬಾಗಿದ ತೋಳುಗಳು, ಒಂದೊಂದು ತೋಳಿನ ತುದಿಗೂ ಒಂದು ಬಟ್ಟಲು, ಬಟ್ಟಲಿನಲ್ಲಿ ಬಲ್ಬು. ಇವೆಲ್ಲದರ ಕೆಳಗೆ ಹೆಣ್ಣುಮಕ್ಕಳ ಕಿವಿಯ ಲೋಲಕಿನ ಹಾಗೆ ಸಾಲುಸಾಲಾಗಿ ತೂಗಾಡುವ ಗಾಜಿನ ಹನಿಗಳು. ನಾವು ಅವನ್ನು ಲೋಲಕು ಅಂತಲೇ ಕರೆಯುತ್ತಿದ್ದೆವು.

ನಮ್ಮವರು ಹುಡುಗಾಟದ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಥಿಯೇಟರು, ಬಂಗಲೆಗಳಿಗೆ ಝುಂಬರ ತೂಗುಹಾಕುತ್ತಿದ್ದ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿತು ಬಂದವರು. ಊರಿಗೆ ಬಂದಮೇಲೆ ಬಹಳ ದಿನ ಆ ವಿದ್ಯೆಗೆ ಗಿರಾಕಿಯೇ ಇರಲಿಲ್ಲ. ಫ್ಯಾನು, ಸ್ವಿಚ್ಚು, ಫ್ಯೂಸು ಇವೇ ಕೆಲಸ. ಎಪ್ಪತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಹತ್ತಿ, ಮೆಣಸಿನಕಾಯಿ, ಅರಿವೆ ವ್ಯಾಪಾರದಲ್ಲಿ ಕೈ ಹತ್ತಿದವರು ಜಂತಿಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸತೊಡಗಿದರು. ಹೊಸ ಮನೆಗೆ ಹಾಲು, ಹಾಲಿಗೆ ಝುಂಬರ. ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಗಳು ಮುಂಬಯಿಯಿಂದ ರೈಲಿನಲ್ಲಿ ಬಂದು ಬೀಳುತ್ತಿದ್ದವು. ಪೆಟ್ಟಿಗೆ ಬಿಚ್ಚಿ ನೋಡಿದರೆ ಬರೀ ಚೂರುಗಳು. ಯಾವುದನ್ನು ಯಾವುದಕ್ಕೆ ಕೂಡಿಸಬೇಕು ಅನ್ನುವುದು ತಿಳಿಯದೆ ಸಾಹುಕಾರರು ನಮ್ಮವರಿಗೆ ಹೇಳಿಕಳಿಸುತ್ತಿದ್ದರು.

ನಾನು ಬೆಟಗೇರಿಯ ನೇಕಾರರ ಮಗಳು. ಝುಂಬರದ ಕೆಲಸಕ್ಕೆ ನಾನು ಬಂದದ್ದು ಅಕಸ್ಮಾತ್ತಾಗಿ. ಮುಂಡರಗಿಯ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಮದುವೆ ಹತ್ತಿರ ಬಂದಿತ್ತು. ನಮ್ಮವರ ಜೊತೆಗಿದ್ದ ಆಳು ಅದೇ ವಾರ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ.

“ಲೋಲಕು ತೊಳ್ಯಾಕ, ಪೋಣಿಸಾಕ ಒಂದು ಜೋಡಿ ಕೈ ಬೇಕು. ನೀ ಬರ್ತಿ ಏನ?” ಅಂದರು.

“ನನಗೇನ ಬರ್ತೈತ್ರಿ ಅದು?”

“ಹರದ ಎಳಿ ಗಂಟ ಹಾಕಿ ಬೆಳದಾಕಿ ನೀ. ತಂತಿ ಅಂದ್ರ ಅದೂ ಒಂದು ಎಳಿನ.”

ಹೋದೆ. ಅಂಟುವಾಳದ ಬಿಸಿನೀರಿನಲ್ಲಿ ಲೋಲಕು ತೊಳೆದು, ಹಳೆಯ ಧೋತರದ ಅರಿವೆಯಿಂದ ಒರೆಸಿ, ಬೆರಳಿನ ಗುರುತು ಬೀಳದ ಹಾಗೆ ಹಿತ್ತಾಳೆಯ ತೆಳು ತಂತಿಗೆ ಸಿಕ್ಕಿಸುತ್ತಾ ಕೂತೆ. ಅತ್ತ ನಮ್ಮವರು ಛಾವಣಿಯ ಗಿಲಾವು ಒಡೆದು, ಒಳಗಿನ ಕಬ್ಬಿಣದ ಸರಳಿಗೆ ಕೊಂಡಿ ಬಾಗಿಸಿ ಬಿಗಿದರು. ಅದಕ್ಕೆ ಝುಂಬರಕ್ಕಿಂತ ಭಾರದ ಜೋಳದ ಚೀಲ ತೂಗುಬಿಟ್ಟು ಒಂದು ರಾತ್ರಿ ಹಾಗೇ ಇಟ್ಟರು. ಬೆಳಿಗ್ಗೆ ಕೊಂಡಿ ಕೂದಲೆಳೆಯಷ್ಟೂ ಜಗ್ಗಿರದಿದ್ದರೆ ಮಾತ್ರ ಮುಂದಿನ ಕೆಲಸ. ಅವರು ಮೇಲೆ ಅಟ್ಟಣಿಗೆಯ ಮೇಲೆ, ನಾನು ಕೆಳಗೆ ಹಾಸಿದ ಗಾದಿಯ ಮೇಲೆ. ಗಡಗಡಿಯ ರಾಟೆಗೆ ಹಾಕಿದ ಹಗ್ಗದಿಂದ ಝುಂಬರ ಏರುವಾಗ ಅದು ತಿರುಗದ ಹಾಗೆ ದಂಟಿನ ಕೆಳತುದಿಯ ಹಿತ್ತಾಳೆ ಬಳೆ ಹಿಡಿದು ನಡೆಸುವುದು ನನ್ನ ಪಾಲು. ಅವರು ಮೇಲಿನಿಂದ ‘ಹ್ಞೂಂ’ ಅಂದರೆ ಏರಲು ಬಿಡು, ‘ಹಾಂ’ ಅಂದರೆ ತಡಿ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರ ಮುಖವನ್ನು ಅಷ್ಟು ಹೊತ್ತು ನೆಟ್ಟ ಕಣ್ಣಿನಿಂದ ನೋಡಿದ್ದು ನಾನು ಅವತ್ತೇ.

ಹೊಟ್ಟೆಕಿಚ್ಚು ಅನ್ನುವುದು ನನಗೆ ಅಂಟಿಕೊಂಡದ್ದೂ ಆ ಮುಂಡರಗಿ ಮನೆಯಲ್ಲೇ. ದೀಪ ಹತ್ತಿದ ಮೇಲೆ ಆ ಮನೆಯೊಡತಿ ಕತ್ತು ಎತ್ತಿ ನೋಡುತ್ತಾ ನಿಂತಳು. ಒಳ್ಳೆಯ ಹೆಂಗಸು. ನನ್ನ ಕಡೆ ತಿರುಗಿ ಮಮತೆಯಿಂದಲೇ ಕೇಳಿದಳು: “ನಿಮ್ಮ ಮನ್ಯಾಗೂ ಇಂಥಾದ್ದೊಂದು ಇರಬೇಕಲ್ಲವಾ?”

“ಇಲ್ಲರಿ” ಅಂದೆ.

ನಮ್ಮದು ಬಾಡಿಗೆ ಮನೆ. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ತೂತು ಕೊರೆದು, ಆ ತೂತಿನಲ್ಲಿ ಒಂದು ಬಲ್ಬು ಇಟ್ಟಿದ್ದರು. ಅದರ ಅರ್ಧ ಬೆಳಕು ಅತ್ತೆ ಮತ್ತು ನಾನು ಕೂಡುವ ಒಲೆಗೆ, ಅರ್ಧ ಬೆಳಕು ಉಣ್ಣುವವರಿಗೆ. ಅದನ್ನು ಆಕೆಗೆ ಹೇಳಲಿಲ್ಲ. ಆದರೆ ಆವತ್ತಿನಿಂದ ಯಾವ ಮನೆಗೆ ಹೋದರೂ ನನ್ನ ಕಣ್ಣು ದೀಪದ ಮೇಲೆ ನಿಲ್ಲಲಿಲ್ಲ. ಕಾಲಿಗೆ ತಣ್ಣಗೆ ತಾಗುವ ನೆಲ, ಗೋಡೆಯೊಳಗೇ ಕಟ್ಟಿದ ಕಪಾಟು, ಅಡಿಗೆಮನೆಯೊಳಗೇ ಬರುವ ನಳ, ಮಧ್ಯಾಹ್ನ ಮಲಗಿ ಏಳುವ ಹೆಂಗಸರ ಉಬ್ಬಿದ ಕಣ್ಣು, ಎಲ್ಲವನ್ನೂ ಎಣಿಸಿಕೊಂಡು ಬರುತ್ತಿದ್ದೆ. ಬಸ್ಸಿನಲ್ಲಿ ನಮ್ಮವರು ಮಾತಾಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವರು ದಣಿವು ಅಂದುಕೊಳ್ಳುತ್ತಿದ್ದರು.

ಆದರೂ ಬೇರೆಯವರ ಮೇಲಿನ ಹೊಟ್ಟೆಕಿಚ್ಚು ಒಂದು ದಿನ ಉರಿದು ಆರುತ್ತದೆ. ಅಕ್ಕನ ಮೇಲಿನದು ಹಾಗಲ್ಲ.

ನಾವು ಇಬ್ಬರೇ ಹೆಣ್ಣುಮಕ್ಕಳು. ಅಕ್ಕ ನನಗಿಂತ ಎತ್ತರ, ನನಗಿಂತ ಬಿಳುಪು. ಬೆಟಗೇರಿಯ ಓಣಿಯಲ್ಲಿ ಅವಳು ಕೊಡ ಹೊತ್ತು ಬಂದರೆ ಮಗ್ಗದ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು ಅಂತ ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ಲಕ್ಷ್ಮೇಶ್ವರದ ಅರಿವೆ ಅಂಗಡಿಯವರು ಕೇಳಿಕೊಂಡು ಬಂದು ಅವಳನ್ನು ಮಾಡಿಕೊಂಡರು. ಅವರೂ ನಮ್ಮ ನೇಕಾರ ಮಂದಿಯೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಅಂಗಡಿಯ ಗಾದಿ ಮೇಲೆ ಕೂತವರು. ತಮ್ಮ ಮನೆತನ ನೆಯ್ದದ್ದನ್ನು ಮರೆತವರು. ನನ್ನ ಸರದಿ ಬಂದಾಗ ಅಪ್ಪನ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ವೈರಮನ್ ಸಿಕ್ಕ. ನನ್ನ ಗಂಡ ಒಳ್ಳೆಯವರು ಅನ್ನುವುದು ನನಗೆ ಗೊತ್ತಿತ್ತು. ಅಕ್ಕನಿಗೆ ಸಿಕ್ಕದ್ದು ಹೆಚ್ಚು ಅನ್ನುವುದೂ ಗೊತ್ತಿತ್ತು. ಎರಡೂ ಒಂದೇ ಹೊಟ್ಟೆಯಲ್ಲಿದ್ದವು.

ಎಂಬತ್ತರ ದಶಕದ ಆರಂಭದಲ್ಲಿ ಅಕ್ಕನ ಮನೆಯವರು ಹೊಸ ಮನೆ ಕಟ್ಟಿಸಿದರು. ಅದೇ ಹೊತ್ತಿಗೆ ನಾವು ಶಿರಹಟ್ಟಿಯಲ್ಲಿ ಒಬ್ಬ ಮುಸಲ್ಮಾನ ವ್ಯಾಪಾರಿಯ ಮನೆಯಲ್ಲಿ ಝುಂಬರ ಹಾಕಿ ಬಂದಿದ್ದೆವು. ಆ ಮನೆಯ ಹೆಂಗಸರು ಸೀರೆ ತೆಗೆದುಕೊಳ್ಳಲು ಅಕ್ಕನವರ ಅಂಗಡಿಗೆ ಹೋದವರು, “ಹಾಕಾವ್ರು ಗಂಡಾ ಹೇಂತಿ ಇಬ್ರೂ ಬರ್ತಾರ್ರೀ, ಆ ಹೆಣ್ಮಗಳ ಕೆಲಸ ನೋಡಬೇಕು” ಅಂದರಂತೆ. ಹೊಗಳಿಕೆಯೇ. ಆದರೆ ಅದು ಅಕ್ಕನ ಅತ್ತೆಯ ಕಿವಿಗೂ ಬಿತ್ತು, ಸೊಸೆಯ ತಂಗಿ ಕೂಲಿಗೆ ತಿರುಗುತ್ತಾಳೆ ಅನ್ನುವುದು ಅವಳಿಗೆ ಕುಂದಾಗಿ ಕಂಡಿತು.

ಅಕ್ಕ ಗದಗಿಗೆ ಬಂದಳು. ನಮ್ಮ ಮನೆಗೆ ಅವಳು ಬರುವುದೇ ಅಪರೂಪ. ಡಬ್ಬಿಯ ತುಂಬ ಕರದಂಟು, ಒಂದು ಅರಿವೆಯ ಗಂಟು ತಂದಿದ್ದಳು. ಚಹಾ ಕುಡಿದು ಆ ಮಾತು ಈ ಮಾತು ಆದಮೇಲೆ ಅಂದಳು:

“ನಮ್ಮನಿಗೂ ಝುಂಬರ ಬಂದೈತಿ. ನಿನ್ನ ಗಂಡಗ ಹೇಳು, ಅವರ ಬಂದು ಹಾಕಬೇಕು.”

“ಬರ್ತೀವಿ ಬಿಡಕ್ಕಾ.”

“ನೀನೂ ಬಾ. ಖರೆ…” ಅಂತ ತಡೆದಳು. “ಕೆಲಸಕ್ಕ ಬರಬ್ಯಾಡ. ಬೀಗರ ಮನಿಗೆ ಬಂದಂಗ ಬಾ. ನನ್ನ ಹಂತೇಲಿ ಕುಂಡ್ರು. ತೊಳಿಯೂದು ಬಳಿಯೂದು ನಮ್ಮನಿ ಮಂದಿ ಮಾಡ್ತಾರ.” ಗಂಟು ಬಿಚ್ಚಿ ತನ್ನದೇ ಒಂದು ರೇಷ್ಮೆ ಸೀರೆ ನನ್ನ ತೊಡೆಯ ಮೇಲೆ ಇಟ್ಟಳು. “ಒಮ್ಮಿ ಉಟ್ಟಿದ್ದು ಅಷ್ಟ. ಇದನ್ನ ಉಟ್ಕೊಂಡು ಬಾ.”

ಸೀರೆ ತಿರುಗಿ ಅವಳ ಮಡಿಲಿಗೆ ಹಾಕಬೇಕು ಅನ್ನಿಸಿತು. ಆದರೆ ಬದನೆಕಾಯಿ ಬಣ್ಣದ ಮೈ, ಹಳದಿ ದಡಿ. ಕೈ ಅದರ ಮೇಲೆ ಹೋಗಿ ಕೂತುಬಿಟ್ಟಿತ್ತು. ನೇಕಾರರ ಮಗಳಿಗೆ ಒಳ್ಳೆಯ ಸೀರೆ ಎದುರಿಗಿಟ್ಟು ಸಿಟ್ಟು ಮಾಡು ಅಂದರೆ ಹೇಗೆ?

ಅದನ್ನೇ ಉಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಬಸ್ಸಿನಲ್ಲಿ ನಮ್ಮವರು ನನ್ನ ಸೆರಗಿಗೆ ತಮ್ಮ ಕೈಚೀಲದ ಎಣ್ಣೆ ತಾಗದ ಹಾಗೆ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು.

ಅಕ್ಕನ ಮನೆ ನೋಡಿದೆ. ಹಾಲಿನಲ್ಲಿ ನಮ್ಮ ಇಡೀ ಬಾಡಿಗೆ ಮನೆ ಹಿಡಿದು, ಇನ್ನೂ ಜಾಗ ಉಳಿಯುತ್ತಿತ್ತು. ನನ್ನನ್ನು ಒಳಗಿನ ಕೋಣೆಯಲ್ಲಿ ಗಾದಿಯ ಮೇಲೆ ಕೂಡಿಸಿ, ಕೈಯಲ್ಲಿ ಎಲೆ ಅಡಿಕೆ ತಟ್ಟೆ ಕೊಟ್ಟರು. ಬಾಗಿಲಿನಿಂದ ಹಾಲು ಕಾಣುತ್ತಿತ್ತು. ನಮ್ಮವರು ಕೊಂಡಿ ಬಿಗಿದು, ಚೀಲ ತೂಗುಹಾಕಿ, ಪೆಟ್ಟಿಗೆ ಬಿಚ್ಚತೊಡಗಿದರು. ಅವರ ಬಗಲಿಗೆ ನೀರಿನ ಬೋಗುಣಿ ಇಟ್ಟುಕೊಂಡು ಕೂತವಳು ಅಕ್ಕನ ನಾದಿನಿ, ಭಾವನ ತಂಗಿ. ಆಗಷ್ಟೇ ಕಾಲೇಜು ಮುಗಿಸಿದವಳು, ಹುಮ್ಮಸ್ಸಿನ ಹುಡುಗಿ. “ನಾ ಕಲಿತೀನಿ ಅಣ್ಣಾರ, ತೋರಸ್ರಿ” ಅಂದಳು.

ನಮ್ಮವರು ತೋರಿಸಿದರು. ಲೋಲಕನ್ನು ಎರಡು ಬೆರಳಿನ ನಡುವೆ ಹೇಗೆ ಹಿಡಿಯಬೇಕು, ತಂತಿಯನ್ನು ಎಷ್ಟು ಸಲ ಸುತ್ತಬೇಕು, ಸಣ್ಣದು ಮೇಲೆ ದೊಡ್ಡದು ಕೆಳಗೆ ಹೇಗೆ ಬರಬೇಕು. ಅವಳು ಒಂದು ಸರ ಮುಗಿಸಿ ಎತ್ತಿ ಹಿಡಿದಳು. ನಮ್ಮವರು ಕಣ್ಣು ಕಿರಿದು ಮಾಡಿ ನೋಡಿ, “ಭೇಷ್!” ಅಂದರು.

ನನ್ನ ಕೈಯಲ್ಲಿದ್ದ ಎಲೆ ಹರಿಯಿತು.

ನನ್ನ ಸುತ್ತ ಅಕ್ಕನ ಬಳಗದ ಹೆಂಗಸರು ಬಂಗಾರದ ಮಾತು, ಬಸಿರಿನ ಮಾತು ಆಡುತ್ತಿದ್ದರು. ನನಗೆ ಒಂದೂ ಕಿವಿಗೆ ಹೋಗಲಿಲ್ಲ. ಆ ಹುಡುಗಿಯ ಮೇಲೆ ಬೇರೆ ಥರದ ಸಂಶಯ ನನಗೆ ಬರಲಿಲ್ಲ, ನಮ್ಮವರು ಅಂಥವರಲ್ಲ. ಆದರೆ ಆ ಬೋಗುಣಿಯ ಪಕ್ಕದ ಜಾಗ ನನ್ನದು. ಆ ತೇವದ ಅರಿವೆ, ಆ ತಂತಿಯ ಉಂಡೆ, ಮಾತಿಲ್ಲದೆ ಚಾಚುವ ಅವರ ಕೈಗೆ ಇಕ್ಕಳ ಇಡುವುದು, ಎಲ್ಲ ನನ್ನದು. ಒಂದು ಸೀರೆ ಕೊಟ್ಟು ಅಕ್ಕ ನನ್ನನ್ನು ಅಲ್ಲಿಂದ ಎಬ್ಬಿಸಿ ಇಲ್ಲಿ ಕೂಡಿಸಿದ್ದಳು. ಅವಳಿಗೆ ಇಷ್ಟೆಲ್ಲ ಇತ್ತು. ನನಗಿದ್ದ ಅದೊಂದು ಜಾಗವನ್ನೂ ಅವಳ ನಾದಿನಿಗೆ ಹಾಸಿಕೊಟ್ಟಿದ್ದಳು.

ಮರುದಿನ ಸಂಜೆ ಝುಂಬರ ಏರಿಸುವುದು ಅಂತ ಗೊತ್ತಾಗಿತ್ತು. ಹೊಸ ಮನೆ ನೋಡಲು ಊರವರು, ಹುಬ್ಬಳ್ಳಿಯ ಬೀಗರು ಸೇರಿದ್ದರು. ಹಗ್ಗ ಎಳೆಯಲು ಅಂಗಡಿಯ ಹಮಾಲರು ನಿಂತರು. ಕೆಳಗೆ ಬಳೆ ಹಿಡಿಯಲು ಆ ಹುಡುಗಿ. ನಮ್ಮವರು ಅಟ್ಟಣಿಗೆ ಏರಿ, “ಸಾವಕಾಶ ಜಗ್ರಿ, ನಾ ಅಂದಾಗ ಅಷ್ಟ” ಅಂದರು. ನಾನು ಹೆಂಗಸರ ಗುಂಪಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ.

ಹಮಾಲರಿಗೆ ಅರಿವೆಯ ಗಾಂಟು ಎತ್ತಿ ರೂಢಿ. ಮೊದಲು ನಿಧಾನವಾಗಿ ಎಳೆದವರು, ಜನ ನೋಡುತ್ತಿದ್ದಾರೆ ಅಂತ ಹುರುಪು ಬಂದು ಒಂದೇ ಜಗ್ಗಿಗೆ ಎತ್ತಿಬಿಟ್ಟರು. ಝುಂಬರ ಗರ್ರನೆ ತಿರುಗಿತು. ತೋಳುಗಳು ಅಗಲಕ್ಕೆ ಬೀಸಿದವು, ಲೋಲಕುಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಅಂದವು. ಹುಡುಗಿ ಹೆದರಿ ಬಳೆ ಬಿಟ್ಟು ಹಿಂದಕ್ಕೆ ಸರಿದಳು. ಮೇಲೆ ನಮ್ಮವರ ಎರಡೂ ಕೈ ಕೊಂಡಿಯಲ್ಲಿದ್ದವು.

“ಲೇ, ಎಲ್ಲಿದ್ದೀ?” ಅಂತ ಕೂಗಿದರು.

ಅದು ನನಗೇ ಅಂದದ್ದು. ಆ ತುಂಬಿದ ಮನೆಯಲ್ಲಿ ಅವರು ಹಾಗೆ ಕೂಗುವುದು ನನ್ನೊಬ್ಬಳನ್ನೇ. ಸೆರಗು ಯಾವಾಗ ಸೊಂಟಕ್ಕೆ ಸಿಕ್ಕಿಸಿದೆನೋ ನೆನಪಿಲ್ಲ. ಗಾದಿಯ ಮೇಲೆ ಜಿಗಿದು ಬಳೆ ಹಿಡಿದೆ. ಒಂದು ತೋಳು ಬಂದು ನನ್ನ ಮುಂಗೈಗೆ ಹೊಡೆಯಿತು, ಒಂದೆರಡು ಲೋಲಕು ಒಡೆದು ನೆಲಕ್ಕೆ ಬಿದ್ದವು, ಸೀರೆಯ ದಡಿ ಪರ್ರಂತ ಹರಿಯಿತು.

“ಹಗ್ಗ ತಡೀರಿ! ಜಗ್ಗಬ್ಯಾಡ್ರಿ ಅಂದ್ರ ಜಗ್ಗಬ್ಯಾಡ್ರಿ! ಇದೇನ ಅರಿವಿ ಗಾಂಟ ಅಲ್ಲ!”

ಹಮಾಲರು ಗೊಂಬೆಗಳ ಹಾಗೆ ನಿಂತರು. ಝುಂಬರದ ಜೊತೆಗೇ ನಾನೂ ಅರ್ಧ ಸುತ್ತು ತಿರುಗಿ, ಅದರ ಓಟ ಮುರಿದು ನಿಲ್ಲಿಸಿದೆ. ಕತ್ತೆತ್ತಿದೆ. ನಮ್ಮವರು “ಹ್ಞೂಂ” ಅಂದರು. ನಾನು ಹಮಾಲರಿಗೆ ಸನ್ನೆ ಮಾಡಿದೆ. ಅಲ್ಲಿಂದ ಮುಂದೆ ನೀರು ಏರಿದ ಹಾಗೆ ಏರಿ ಕೊಂಡಿಯಲ್ಲಿ ಕೂತಿತು. ಆ ಹುಡುಗಿ ಗೋಡೆಯ ಹತ್ತಿರ ಬೆರಳು ಕಚ್ಚಿಕೊಂಡು ನಿಂತಿದ್ದಳು. ಅವಳನ್ನು ನೋಡಿ ನನ್ನ ನಾಲಿಗೆಗೆ ಸಿಹಿ ತಾಗಿದ ಹಾಗಾಯಿತು.

ಅದು ಗಂಟಲು ದಾಟುವುದರೊಳಗೆ ಹಿಂದಿನಿಂದ ಹುಬ್ಬಳ್ಳಿ ಬೀಗಿತಿಯ ದನಿ ಕೇಳಿತು: “ಯಾರ್ರೀ ಈಕಿ? ಗಟ್ಟಿಗಿತ್ತಿ ಅದಾಳ.”

ಅಕ್ಕ ಉತ್ತರ ಕೊಟ್ಟಳು. “ಲೈಟ್ ಹಾಕಾವ್ರ ಹೇಂತಿ ರೀ.”

ನಾನು ತಿರುಗಲಿಲ್ಲ. ತಂತಿ ಕೂಡಿಸುತ್ತಿದ್ದ ನಮ್ಮವರಿಗೆ ಇಕ್ಕಳ ಎತ್ತಿ ಕೊಟ್ಟೆ. ಸ್ವಿಚ್ಚು ಹಾಕಿದರು. ಮಂದಿಯೆಲ್ಲ ‘ಆಹಾ’ ಅಂದರು. ನಾನು ದೀಪ ನೋಡಲಿಲ್ಲ, ಅಕ್ಕನನ್ನು ನೋಡಿದೆ. ಆ ಬೆಳಕು ಅವಳ ಮೂಗಿನ ನತ್ತಿಗೆ ಬಿದ್ದು ಕೆನ್ನೆಯ ಮೇಲೆ ಹರಡಿತ್ತು. ಇಷ್ಟು ವಯಸ್ಸಾದರೂ ನನ್ನ ಅಕ್ಕ ಅಷ್ಟು ಚೆಂದ. ಅವಳ ಮುಖದ ಮೇಲೆ ಬಿದ್ದ ಬೆಳಕನ್ನು ನಾನೇ ಕೈಯಾರೆ ಎತ್ತಿ ಮೇಲೆ ಕಟ್ಟಿದ್ದೆ, ಅವಳು ನನ್ನನ್ನು ತಂಗಿ ಅನ್ನಲಿಲ್ಲ.

ಕೊನೆಯ ಬಸ್ಸಿಗೆ ಹೊರಡೋಣ ಅಂದೆ. ಅಕ್ಕ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟುಕೊಂಡು ಉಡಿ ತುಂಬಲು ಬಂದಳು. ಮುತ್ತೈದೆ ಹಾಗೇ ಹೊರಡುವ ರೂಢಿಯಿಲ್ಲ.

“ಉಡಿ ತಂಗಿಗೆ ತುಂಬ್ತಾರ” ಅಂದೆ. “ಲೈಟ್ ಹಾಕಾವ್ರ ಹೇಂತಿಗೆ ಯಾರು ತುಂಬ್ತಾರ?”

ಅಕ್ಕನ ಮುಖ ಬಿಳಿಚಿತು. ಅತ್ತೆ ಅಲ್ಲೇ ನಿಂತಿದ್ದಳು. ನಾನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ನಮ್ಮವರು ಎರಡೂ ಕಡೆ ಕೈಮುಗಿದು ನನ್ನ ಹಿಂದೆ ಬಂದರು.

ಬಸ್ಸಿನಲ್ಲಿ ಅವರು, “ನಿಮ್ಮಕ್ಕ ಅಂದದ್ದು ಸುಳ್ಳೇನ?” ಅಂದರು.

“ಸುಳ್ಳಲ್ಲ. ಅದಕ್ಕ ಉರೀತೈತಿ.”

ನಾನು ಅಷ್ಟಕ್ಕೇ ಬಿಡಲಿಲ್ಲ. “ಆ ಹುಡಿಗಿಗೆ ಭೇಷ್ ಅಂದ್ರಿ. ನನಗ ಇಷ್ಟ ದಿನದಾಗ ಒಮ್ಮ್ಯಾರ ಅಂದೀರೇನು?”

ಅವರು ನಿಜವಾಗಿಯೂ ಚಕಿತರಾದರು. “ಆಕಿ ಕಲಿಯಾಕಿ. ಕಲಿಯೋರಿಗೆ ಭೇಷ್ ಅಂತಾರ. ನಿನಗ ಭೇಷ್ ಅಂದ್ರ ನನ್ನ ಕೈಗೆ ನಾನ ಭೇಷ್ ಅಂದಂಗ ಆಗ್ತೈತಿ.”

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು, ಅರ್ಧ ಉಳಿಯಿತು. ಕೈಗಾದರೂ ಯಾವಾಗಲೋ ಒಮ್ಮೆ ಭೇಷ್ ಅಂದರೆ ಏನಾಗುತ್ತದೆ?

ಆಮೇಲೆ ಅಕ್ಕ ಮತ್ತು ನಾನು ಮಾತು ಬಿಟ್ಟೆವು. ಪಂಚಮಿಗೆ ಅವ್ವ ಇಬ್ಬರನ್ನೂ ಕರೆದರೆ, ಅವಳು ಬರುವ ದಿನ ಕೇಳಿಕೊಂಡು ನಾನು ಬೇರೆ ದಿನ ಹೋದೆ. ಅವ್ವ ಉಂಡೆ ಕಟ್ಟುತ್ತಾ ಅತ್ತಳು. “ನನ್ನ ಮುಂದ ಒಂದ ತಾಟಿನ್ಯಾಗ ಉಂಡವರು ನೀವು” ಅಂದಳು. ಹರಿದ ದಡಿಯ ಸೀರೆಯನ್ನು ಹೊಲಿಯದೆ ಹಾಗೇ ಟ್ರಂಕಿನಲ್ಲಿಟ್ಟಿದ್ದೆ. ಆಗಾಗ ತೆಗೆದು ನೋಡಿ, ಸಿಟ್ಟನ್ನು ಹೊಸದು ಮಾಡಿಕೊಂಡು ಮತ್ತೆ ಮಡಚಿಡುತ್ತಿದ್ದೆ.

ವರುಷ ಕಳೆಯಿತು. ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಂತಳು. ನಮ್ಮವರು ಅಂಗಡಿಗೆ, ಅತ್ತೆ ಗುಡಿಗೆ ಹೋಗಿದ್ದರು. ನೀರು ಕೊಟ್ಟೆ. ಕುಂಡ್ರು ಅನ್ನುವ ಮೊದಲೇ ಹೊಸ್ತಿಲ ಹತ್ತಿರ ಕೂತಳು.

“ನಾದಿನಿ ಮದುವಿ ಗೊತ್ತಾಗೈತಿ. ಝುಂಬರಕ್ಕ ಧೂಳ ಕುಂತು ಕರ್ರಗಾಗೈತಿ. ಆಳು ಕೋಲಿಗೆ ಅರಿವಿ ಕಟ್ಟಿ ಒರಸಾಕ ಹೋಗಿ ಸರ ಹರದಾನ. ನೀ ಬರಬೇಕು.”

“ಯಾರಾಗಿ ಬರ್ಲಿ?” ಅಂದೆ. “ತಂಗ್ಯಾಗೋ, ಲೈಟ್ ಹಾಕಾವ್ರ ಹೇಂತ್ಯಾಗೋ?”

ಅವಳು ನೀರಿನ ಲೋಟ ನೆಲಕ್ಕಿಟ್ಟಳು.

“ಆ ಮನ್ಯಾಗ ನಂಗ ಏನಂತಾರ ಗೊತ್ತೈತೇನ ನಿನಗ? ಏನ ತಪ್ಪಾದ್ರೂ, ಮಗ್ಗದವ್ರ ಮಗಳು, ಇಷ್ಟ ಅಂತಾರ. ನೀ ಸೆರಗ ಸಿಕ್ಕಿಸಿ ಆ ಮಂದಿ ನಡುವ ನಿಂತಾಗ, ನಿನ್ನಲ್ಲ, ನನ್ನ ನಿಲ್ಲಿಸಿ ಎಲ್ಲಾರೂ ನೋಡಾಕಹತ್ಯಾರ ಅನ್ನಿಸ್ತು. ಬಾಯಿಗೆ ತಂಗಿ ಅನ್ನೂ ಮಾತ ಬರಲಿಲ್ಲ.” ಮತ್ತೆ ಅಂದಳು, “ಇನ್ನೊಂದೂ ಐತಿ. ಹಮಾಲರಿಗೆ ನೀ ಜೋರ ಮಾಡಿದಿ. ನಾ ಮದುವ್ಯಾಗಿ ಹೋದಾಗಿಂದ ಆ ಮನ್ಯಾಗ ಜೋರ ದನಿ ತಗದಿಲ್ಲ. ನಿನ್ನ ನೋಡಿ ನನಗ ಹೊಟ್ಟಿ ಉರೀತು.”

ಅಕ್ಕನ ಹೊಟ್ಟೆ ನನ್ನ ಸಲುವಾಗಿ ಉರಿಯುವುದು ಸಾಧ್ಯ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ರೊಟ್ಟಿ ಬಡಿಯಲು ಹಿಟ್ಟು ತೆಗೆದೆ. ಅವಳೂ ಎದ್ದು ಬಂದು ಒಲೆ ಹೊತ್ತಿಸಿದಳು.

ಲಕ್ಷ್ಮೇಶ್ವರಕ್ಕೆ ಹೋದೆವು. ಈ ಸಲ ಹತ್ತಿಯ ಸೀರೆ ಉಟ್ಟು ಹೋದೆ. ಝುಂಬರ ಇಳಿಸಿ ಗಾದಿಯ ಮೇಲೆ ಮಲಗಿಸಿ, ನಾನು ಬೋಗುಣಿಯ ಮುಂದೆ ಕೂತೆ. ಅಕ್ಕ ಬಂದು ನನ್ನ ಬಗಲಿಗೆ ಕೂತು ಕೈಬಳೆ ಹಿಂದಕ್ಕೆ ಸರಿಸಿಕೊಂಡಳು. ಅತ್ತೆ ಬಾಗಿಲಿಗೆ ಬಂದು, “ಸೊಸಿ ಅಲ್ಲ್ಯಾಕ ಕುಂತಾಳ? ಆಳ ಮಕ್ಕಳಿಲ್ಲೇನು?” ಅಂದಳು.

ಅಕ್ಕನ ಕೈ ನೀರಿನಲ್ಲಿ ಒಂದು ಗಳಿಗೆ ನಿಂತಿತು. “ನನ್ನ ತಂಗಿ ಒಬ್ಬಾಕಿ ಎಷ್ಟಂತ ಮಾಡ್ತಾಳ್ರೀ ಅತ್ತಿ” ಅಂದಳು. ತಲೆ ಎತ್ತದೇ ಅಂದಳು, ಆದರೆ ಕೇಳುವ ಹಾಗೆ ಅಂದಳು. ಅತ್ತೆ ನಿಂತು ನೋಡಿ ಒಳಗೆ ಹೋದಳು.

ಇದನ್ನು ಇಲ್ಲಿಗೇ ನಿಲ್ಲಿಸಿದರೆ ನಾನು ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳಬಹುದು. ಆದರೆ ಆದದ್ದು ಬೇರೆ. ಹರಿದ ಸರಗಳನ್ನು ಮತ್ತೆ ಪೋಣಿಸುವಾಗ ಅಕ್ಕನ ಬೆರಳು ನನ್ನ ಬೆರಳಿಗಿಂತ ಚುರುಕಾಗಿ ಓಡಿದವು. ಇಷ್ಟು ವರ್ಷ ಮಗ್ಗ ಮುಟ್ಟದವಳು, ನನ್ನ ಒಂದು ಸರ ಮುಗಿಯುವುದರೊಳಗೆ ಅವಳದು ಎರಡನೆಯದು ಅರ್ಧ ಆಗಿರುತ್ತಿತ್ತು. ಗಂಟು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ನಮ್ಮವರು ಬಗ್ಗಿ ನೋಡಿ, “ಭೇಷ್ ಅಕ್ಕಾರ!” ಅಂದುಬಿಟ್ಟರು. ಅಕ್ಕ ಹುಡುಗಿಯ ಹಾಗೆ ನಕ್ಕಳು. ನಾನು ಬೋಗುಣಿಯ ನೀರು ಚೆಲ್ಲುವ ನೆವದಲ್ಲಿ ಹಿತ್ತಲಿಗೆ ಹೋಗಿ ಒಂದಿಷ್ಟು ಹೊತ್ತು ನಿಂತು ಬಂದೆ.

ಆ ಮದುವೆ ಚೆನ್ನಾಗಿ ಆಯಿತು. ಅಕ್ಕ ನನ್ನನ್ನು ಬೀಗರೆದುರಿಗೆ ಕರೆದೊಯ್ದು ತಂಗಿ ಅಂತ ಹೇಳಿ ಪರಿಚಯ ಮಾಡಿಸಿದಳು. ಕೆಲವರು ನನ್ನ ಮುಂಗೈಯ ಒರಟು ನೋಡಿದರು, ಕೆಲವರು ತಮ್ಮ ಮನೆಗೂ ಬರಲು ಹೇಳಿದರು. ಎಂಬತ್ತರ ದಶಕ ಮುಗಿಯುವವರೆಗೂ ಸುತ್ತಲ ನಾಲ್ಕೂರಿನಲ್ಲಿ ನಾವು ಗಂಡಹೆಂಡತಿ ಇಬ್ಬರೂ ತಿರುಗಿ ಕೆಲಸ ಮಾಡಿದೆವು. ಮುಂದೆ ಮುಂದೆ ಹುಬ್ಬಳ್ಳಿಯ ಅಂಗಡಿಗಳಿಗೆ ಹಗುರವಾದ, ಪ್ಲಾಸ್ಟಿಕ್ ಹನಿಯ ಝುಂಬರಗಳು ಬಂದವು. ಅವಕ್ಕೆ ಕೊಂಡಿ ಪರೀಕ್ಷೆ ಬೇಡ, ಗಾದಿ ಬೇಡ, ನಾನಂತೂ ಬೇಡವೇ ಬೇಡ.

ಅಷ್ಟರಲ್ಲಿ ಅಕ್ಕನ ಅತ್ತೆ ತೀರಿಕೊಂಡು, ಭಾವ ಮತ್ತು ಅವರ ತಮ್ಮನ ನಡುವೆ ಮನೆ ಪಾಲಾಯಿತು. ಮುಂದಿನ ಹಾಲು ಭಾವನ ತಮ್ಮನಿಗೆ, ಹಿಂದಿನ ಅರ್ಧ ಮನೆ ಭಾವನಿಗೆ. ಹಾಲಿನ ಜೊತೆಗೆ ಝುಂಬರವೂ ತಮ್ಮನ ಪಾಲಿಗೇ ಹೋಯಿತು. ಅವನು ಅದನ್ನು ಪೇಟೆಯ ಕಡೆ ಕಟ್ಟಿಸಿದ ಹೊಸ ಮನೆಗೆ ಒಯ್ಯಬೇಕೆಂದ. ಬಿಚ್ಚಲು ಕರೆ ಬಂದದ್ದು ನಮಗೇ.

ಇಳಿಸಿದೆವು. ಒಂದೊಂದು ಲೋಲಕನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಅಕ್ಕ ಅಳುತ್ತಾಳೆ ಅಂದುಕೊಂಡಿದ್ದೆ. ಹೇಗೆ ಸಮಾಧಾನ ಮಾಡಬೇಕು ಅಂತ ಮಾತು ಕೂಡಿಸಿಕೊಂಡೂ ಹೋಗಿದ್ದೆ. ಅವಳು ಹಾಲಿಗೆ ಬರಲೇ ಇಲ್ಲ. ಕೆಲಸ ಮುಗಿಸಿ ಹಿಂದಿನ ಮನೆಗೆ ಹೋದೆ. ಸಣ್ಣ ಅಡಿಗೆಮನೆ, ಗೋಡೆಗೊಂದು ಟ್ಯೂಬ್‌ಲೈಟು. ಅಕ್ಕ ಸೆರಗು ಸಿಕ್ಕಿಸಿಕೊಂಡು ಒಗ್ಗರಣೆ ಹಾಕುತ್ತಾ ಭಾವನಿಗೆ ಇಲ್ಲಿಂದಲೇ ಕೂಗಿ ಹೇಳುತ್ತಿದ್ದಳು, ಹಿತ್ತಲಿಂದ ಕರಿಬೇವು ತನ್ನಿ ಅಂತ. ಭಾವ ಮರುಮಾತಾಡದೆ ಕರಿಬೇವು ತಂದುಕೊಟ್ಟು ಹೋದರು. ಆ ಮನೆಯಲ್ಲಿ ಯಾರನ್ನು ಕೇಳಿ ಎಷ್ಟು ಎಣ್ಣೆ ಹಾಕಬೇಕು ಅನ್ನುವ ಪ್ರಶ್ನೆ ಇನ್ನಿರಲಿಲ್ಲ. ಅವಳ ಮೈ ತುಸು ತುಂಬಿತ್ತು, ಮುಖದಲ್ಲಿ ಕಳೆ ಬಂದಿತ್ತು.

ನನ್ನ ಮನೆಯಲ್ಲಿ ಆಗಿನ್ನೂ ನನ್ನ ಅತ್ತೆ ಇದ್ದರು. ಒಳ್ಳೆಯವರೇ. ಆದರೆ ಉಪ್ಪಿನ ಡಬ್ಬಿ ಅವರ ಕೈಯಳತೆಯಲ್ಲೇ ಇರುತ್ತಿತ್ತು. ಅಕ್ಕನ ಆ ಇಕ್ಕಟ್ಟಿನ ಅಡಿಗೆಮನೆಯ ಬಾಗಿಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಅವಳು ಯಾರ ಕಡೆಗೂ ನೋಡದೆ ಬೇಕಾದಷ್ಟು ಎಣ್ಣೆ ಸುರಿಯುವುದನ್ನು ನಾನು ನೋಡಿದೆ. ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಮತ್ತೆ ಎದ್ದಿತು.

“ಏನ ನಿಂತೀ ಹಂಗ? ತಾಟ ತಗೋ, ಕುಂಡ್ರು” ಅಂದಳು ಅಕ್ಕ.

ತಾಟು ತೆಗೆದುಕೊಂಡು ಕೂತೆ.